ಕಡಲಿಗೆ ರಜೆ ಕೊಡುವವರು ಯಾರು?

ಕಾರವಾರದಿಂದ ಅಂಕೋಲೆಯ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ಎಡಗಡೆಯಲ್ಲಿ ಕಾಡು ತುಂಬಿದ ಗುಡ್ಡ, ಬಲಗಡೆಯಲ್ಲಿ ಕಡಲು. ಕೆಲವೆಡೆ ಇವೆರಡರ ನಡುವಣ ನೆಲ ಒಂದು ಕೂಗಳತೆಗಿಂತ ಹೆಚ್ಚಿಲ್ಲ. ಈ ಎರಡು ಕಡೆಗಳಲ್ಲಿಯೂ ಮನುಷ್ಯನು ಬಹುಕಾಲದಿಂದ ಬೇಟೆಯಾಡಿ ಬದುಕಿದವನೇ. ಕಾಡಿನಲ್ಲಿ ಹಂದಿ, ಕಡವೆ, ಮೊಲ. ಕಡಲಿನಲ್ಲಿ ಬಂಗಡೆ, ತಾರ್ಲೆ, ಸೀಗಡಿ. ಆದರೆ ಇಂದು ರಸ್ತೆಯ ಮೂಡಣಕ್ಕೆ ಕೋವಿ ಹಿಡಿದು ಕಡವೆಯನ್ನು ಹೊಡೆದವನಿಗೆ ಸೆರೆಮನೆ. ಪಡುವಣಕ್ಕೆ ಬಲೆ ಬಿಟ್ಟು ಬಂಗಡೆ ಹಿಡಿದವನಿಗೆ ಪೇಟೆಯಲ್ಲಿ ಮರ್ಯಾದೆ. ಒಂದೇ ಜಿಲ್ಲೆಯಲ್ಲಿ, ಒಂದೇ ರಸ್ತೆಯ ಎರಡು ಮಗ್ಗುಲಲ್ಲಿ ಇಷ್ಟು ಅಂತರ ಹೇಗೆ ಬಂದಿತು ಎಂಬುದು ವಿಚಾರಮಾಡತಕ್ಕ ಸಂಗತಿ.

ಕಾಡಿನ ಕಥೆ ಚಿಕ್ಕದು. ಅದನ್ನು ಮೊದಲು ಮುಗಿಸಿಬಿಡೋಣ. 1956ರ ನವೆಂಬರಿನವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತಷ್ಟೆ. 1951ರಲ್ಲಿ ಆ ರಾಜ್ಯ ಕಾಡುಪ್ರಾಣಿ ಹಾಗೂ ಕಾಡುಹಕ್ಕಿಗಳ ರಕ್ಷಣೆಗಾಗಿ ಒಂದು ಕಾನೂನನ್ನು ಮಾಡಿತು. ಅನಂತರ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಬಂದಾಗಲೂ ಬೇಟೆ ಪೂರ್ತಿಯಾಗಿ ನಿಂತಿರಲಿಲ್ಲ. ದೊಡ್ಡ ಬೇಟೆಗೊಂದು, ಸಣ್ಣ ಬೇಟೆಗೊಂದು, ವಿಶೇಷ ಬೇಟೆಗೊಂದು, ಜೀವಂತವಾಗಿ ಹಿಡಿಯುವುದಕ್ಕೊಂದು ಎಂದು ನಾಲ್ಕು ಬಗೆಯ ಪರವಾನಗಿಗಳಿದ್ದವು. ಸೂರ್ಯಾಸ್ತದ ಮೇಲೆ ಬೇಟೆಯಾಡಕೂಡದು, ವಾಹನದಿಂದ ಗುಂಡು ಹಾರಿಸಕೂಡದು, ನೀರು ಕುಡಿಯುವ ತಾಣದಲ್ಲಿ ಹೊಂಚಿ ಕೂರಕೂಡದು ಎಂಬ ಕಟ್ಟಳೆಗಳಿದ್ದವು. 1991ರ ತಿದ್ದುಪಡಿ ಈ ಎಲ್ಲವನ್ನೂ ಒಮ್ಮೆಗೇ ತೊಡೆದುಹಾಕಿ, ಬೇಟೆಯೇ ಕೂಡದೆಂದು ವಿಧಿಸಿತು. ಮನುಷ್ಯನ ಜೀವಕ್ಕೋ ಬೆಳೆಗೋ ಅಪಾಯ ತಂದ ಪ್ರಾಣಿಯ ವಿಷಯದಲ್ಲಿ ಅಧಿಕಾರಿಗಳು ಕೊಡುವ ಅಪ್ಪಣೆಯೊಂದೇ ಉಳಿಯಿತು. ಬೇಟೆಗೇ ಬಾಗಿಲು ಹಾಕಿದ ಮೇಲೆ ಅದು ಯಾವ ತಿಂಗಳಲ್ಲಿ, ಎಷ್ಟು, ಯಾವ ಆಯುಧದಿಂದ ಎಂದು ಚರ್ಚಿಸುವ ಅಗತ್ಯವೂ ಇಲ್ಲವಾಯಿತು.

ಕಡಲಿನಲ್ಲಿ ಹಾಗಿಲ್ಲ. ಬಂಗಡೆಯನ್ನು ಕಾಡುಪ್ರಾಣಿಯೆಂದರೆ ವಾಚಕರು ನಕ್ಕಾರು. ಆದರೆ ಅದನ್ನು ಬಿತ್ತಿದವರು ಯಾರು, ಮೇಯಿಸಿದವರು ಯಾರು? ಯಾರೂ ಸಾಕದ ಜೀವಿಯನ್ನು ಬೆನ್ನಟ್ಟಿ ಹಿಡಿಯುವುದು ಬೇಟೆಯಲ್ಲದೆ ಮತ್ತೇನು? ವನ್ಯಜೀವಿ ಕಾನೂನಿನ ಕೈ ಕಡಲಿನೊಳಕ್ಕೂ ಸ್ವಲ್ಪ ಚಾಚಿಕೊಂಡಿರುವುದುಂಟು. ಕಡಲಾಮೆಗಳಿಗೂ, 2001ರಿಂದ ತಿಮಿಂಗಿಲ ಶಾರ್ಕಿಗೂ ಹುಲಿಗಿರುವಷ್ಟೇ ರಕ್ಷಣೆಯುಂಟು. ದೇವಬಾಗ, ಮಾಜಾಳಿಗಳ ಮರಳಿನಲ್ಲಿ ಆಮೆಗಳಿಟ್ಟ ಮೊಟ್ಟೆಗಳನ್ನು ಕಾಯುವುದು ಅರಣ್ಯ ಇಲಾಖೆಯವರ ಕೆಲಸವೇ. ಆದರೆ ಸಾವಿರಾರು ಮನೆಗಳ ಒಲೆ ಉರಿಸುವ ಬಂಗಡೆ, ತಾರ್ಲೆಗಳು ಆ ಪಟ್ಟಿಯಲ್ಲಿಲ್ಲ. ಅವುಗಳ ಬೇಟೆಗೆ ಕಟ್ಟಳೆ ಮಾಡತಕ್ಕದ್ದು ಮೀನುಗಾರಿಕೆ ಇಲಾಖೆ. ಆ ಕಟ್ಟಳೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮಳೆಗಾಲದ ರಜೆ. ಈಗ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ.

ಈ 61 ಎಂಬ ಸಂಖ್ಯೆ ಎಲ್ಲಿಂದ ಬಂದಿತು? ಅದನ್ನು ಹೇಳುವ ಮೊದಲು ಮಳೆಗಾಲದ ಕಡಲಿನೊಳಗೆ ಏನು ನಡೆಯುತ್ತದೆಂಬುದನ್ನು ತಿಳಿಯಬೇಕು.

ನೈಋತ್ಯ ಮಾರುತ ಬೀಸತೊಡಗಿದಾಗ ನಮ್ಮ ಕರಾವಳಿಯ ಮೇಲ್ನೀರು ದಡದಿಂದ ಆಚೆಗೆ ಸರಿಯುತ್ತದೆ. ಹಾಗೆ ತೆರವಾದ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೇರಿ ಬರುತ್ತದೆ. ಆಳದ ನೀರಿನಲ್ಲಿ ಸತ್ತ ಜೀವಿಗಳ ಸಾರವೆಲ್ಲ ಗೊಬ್ಬರವಾಗಿ ಕೂಡಿಟ್ಟಿರುತ್ತದೆ. ಅದಕ್ಕೆ ಬಿಸಿಲು ಸೋಕಿದೊಡನೆ ಕಣ್ಣಿಗೆ ಕಾಣದಷ್ಟು ಸಣ್ಣ ತೇಲುಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಮಳೆ ಹೊಲಕ್ಕೆ ಮಾಡುವ ಉಪಕಾರವನ್ನು ಗಾಳಿ ಕಡಲಿಗೆ ಮಾಡುತ್ತದೆ ಎನ್ನಬಹುದು. ತಾರ್ಲೆ ಮೊಟ್ಟೆಯಿಡುವುದು ಬಹುಮಟ್ಟಿಗೆ ಈ ಕಾಲದಲ್ಲಿಯೇ. ಒಂದು ಹೆಣ್ಣು ಮೀನು ಹತ್ತಾರು ಸಾವಿರ ತತ್ತಿಗಳನ್ನು ನೀರಿಗೆ ಬಿಡುತ್ತದೆ. ಸುಮಾರು ಒಂದು ದಿನದಲ್ಲಿ ಮರಿ ಹೊರಬರುತ್ತದೆ. ಹೊರಬಂದ ಮರಿಗೆ ಬಾಯಿಯ ಮುಂದೆಯೇ ಊಟ ಸಿದ್ಧ. ಈ ಹೊತ್ತಿನಲ್ಲಿ ತಾಯಿಮೀನನ್ನು ಹಿಡಿದರೆ ಒಂದನ್ನು ಹಿಡಿದಂತಲ್ಲ, ಒಂದು ಸಂತತಿಯನ್ನೇ ಹಿಡಿದಂತೆ ಎಂಬುದು ರಜೆಯ ಪರವಾದ ಮುಖ್ಯ ವಾದ.

ಆದರೆ ಮೇಲೇರಿ ಬಂದ ಆ ನೀರಿನಲ್ಲಿ ಪ್ರಾಣವಾಯು ಕಡಮೆ. ಆದುದರಿಂದ ತಳದಲ್ಲಿ ಬಾಳುವ ಹಲವು ಮೀನುಗಳೂ ಸೀಗಡಿಗಳೂ ಉಸಿರಿಗಾಗಿ ದಡದ ಕಡೆಗೆ ಒತ್ತಿಕೊಂಡು ಬರುತ್ತವೆ. ಅಂದರೆ ದೊಡ್ಡ ದೋಣಿಗಳು ಲಂಗರು ಹಾಕಿ ಕುಳಿತಿರುವಾಗಲೇ, ಸಣ್ಣ ದೋಣಿಯವನಿಗೆ ಎಟುಕುವ ನೀರಿನಲ್ಲಿ ಮೀನು ಇರುತ್ತದೆ. ಈ ಒಂದು ಸಂಗತಿ ಮುಂದಿನ ಎಲ್ಲ ಜಗಳಗಳ ಬೇರು.

ಸರಕಾರದ ರಜೆ ಬರುವುದಕ್ಕೆ ಬಹಳ ಮೊದಲೇ ಇಲ್ಲಿ ರಜೆಯಿತ್ತು. ಹುಟ್ಟು ಹಾಕುವ ದೋಣಿ ಆಷಾಢದ ತೆರೆಗಳನ್ನು ದಾಟಲಾರದು. ಕಾರವಾರ, ಅಂಕೋಲೆಗಳ ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗ ಮನೆತನದವರು ಶ್ರಾವಣದ ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುವುದು ರೂಢಿ. ಅದನ್ನು ಬರಿಯ ಪೂಜೆಯೆಂದು ತಳ್ಳಿಹಾಕುವುದು ಸರಿಯಲ್ಲ. ಎಲ್ಲರೂ ಒಂದೇ ದಿನ ಇಳಿಯಬೇಕು, ಅದಕ್ಕೆ ಮೊದಲು ಯಾರೂ ಇಳಿಯಬಾರದು ಎಂಬ ಕಟ್ಟಳೆಯೇ ಬೇಟೆಗಡುವಿನ ತಿರುಳಲ್ಲವೆ? ಅದನ್ನು ಕಾಯಲು ಕಾವಲುಗಾರನೂ ಬೇಕಾಗಿರಲಿಲ್ಲ. ಮುರಿದವನಿಗೆ ಊರಿನವರ ಕಣ್ಣೇ ದಂಡನೆ.

ಮಳೆಗಾಲ ಕಳೆದ ಮೇಲೆ ಬರುತ್ತಿದ್ದ ರಂಪಣಿಯಲ್ಲಿಯೂ ಇಂಥದೇ ವಿವೇಕವಿತ್ತು. ಒಂದು ರಂಪಣಿ ಬಲೆಯೆಂದರೆ ಹಲವು ಮನೆಗಳು ತಂದ ತುಂಡುಗಳನ್ನು ಜೋಡಿಸಿದ ನೂರಾರು ಮೀಟರ್ ಉದ್ದದ ಗೋಡೆ. ಬಂಗಡೆಯ ಹಿಂಡು ದಡಕ್ಕೆ ಬಂದುದನ್ನು ನೀರಿನ ಬಣ್ಣದಿಂದಲೇ ಕಂಡುಹಿಡಿದು, ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಗಳನ್ನು ಹತ್ತಾರು ಜನ ದಡದಿಂದ ಎಳೆಯುತ್ತಿದ್ದರು. ಬಲೆಯ ತುಂಡಿಗೊಂದು ಪಾಲು, ಎಳೆದ ಕೈಗೊಂದು ಪಾಲು. ಮೀನು ಮಿತಿಮೀರಿ ಸಿಕ್ಕಿದಾಗ ಬಲೆಯನ್ನು ಪೂರ್ತಿ ಎಳೆಯದೆ, ಒಳಗಿನ ಮೀನನ್ನು ಜೀವಂತವಾಗಿ ತಡೆದಿಟ್ಟುಕೊಂಡು, ಪೇಟೆಗೆ ಬೇಕಾದಷ್ಟನ್ನು ದಿನದಿನವೂ ತೆಗೆಯುತ್ತಿದ್ದುದುಂಟು. ಕಾರವಾರದ ಬಂಗಡೆಯ ಹೆಸರು ಹೊರಗೆ ಹರಡಿದ್ದು ಈ ಬಲೆಯಿಂದಲೇ. ಇಂದು ರಂಪಣಿ ಅಪೂರ್ವವಾಗಿದೆ. ಅದರ ಚಿಕ್ಕ ತಮ್ಮನಂತಿರುವ ಏಂಡಿ ಬಲೆಯನ್ನು ಎಳೆಯುವುದನ್ನು ಮಾತ್ರ ಕಡಲದಂಡೆಯಲ್ಲಿ ಈಗಲೂ ಕಾಣಬಹುದು.

ಯಂತ್ರ ಬಂದೊಡನೆ ಈ ಲೆಕ್ಕವೆಲ್ಲ ತಪ್ಪಿತು. ಭಾರತ–ನಾರ್ವೆ ಮೀನುಗಾರಿಕಾ ಯೋಜನೆ 1960ರ ದಶಕದ ಮೊದಲಲ್ಲಿ ಕಾರವಾರಕ್ಕೂ ಬಂದಿತು. ತಳವನ್ನು ಗೋರುವ ಟ್ರಾಲ್ ದೋಣಿಗಳು ಹೆಚ್ಚಿದವು. 1970ರ ದಶಕದ ನಡುವೆ ಮಂಗಳೂರಿನ ಕಡೆಯಿಂದ ಪರ್ಸೀನ್ ಬಲೆ ಬಂದಿತು. ಹಿಂಡು ದಡಕ್ಕೆ ಬರುವವರೆಗೆ ರಂಪಣಿಯವನು ಕಾಯಬೇಕು. ಪರ್ಸೀನ್ ದೋಣಿಯವನು ಹಿಂಡು ಇರುವಲ್ಲಿಗೇ ಹೋಗಿ, ಸುತ್ತುವರಿದು, ಚೀಲದ ಬಾಯಿ ಬಿಗಿದಂತೆ ಬಿಗಿದು ಎತ್ತಿಬಿಡುತ್ತಾನೆ. ತಮ್ಮ ಪಾಲಿನ ಮೀನು ಹೊರಗಡಲಿನಲ್ಲಿಯೇ ಮುಗಿದುಹೋಗುತ್ತಿದೆಯೆಂದು ದಡದವರು ದೂರಿದರು. ಗೋವೆಯಲ್ಲಿ ರಾಂಪಣಕಾರರು ಚಳವಳಿ ಹೂಡಿದರು. ಕೇರಳ, ತಮಿಳುನಾಡುಗಳಲ್ಲಿ ಕಡಲಿನ ಮೇಲೆಯೇ ಹೊಡೆದಾಟಗಳಾದವು. 1976ರಲ್ಲಿ ಕೇಂದ್ರ ಸರಕಾರ ಮಜುಮ್ದಾರ್ ಸಮಿತಿಯನ್ನು ನೇಮಿಸಿತು. ಅದರ ಫಲವಾಗಿ ಒಂದು ಮಾದರಿ ಮಸೂದೆ ಸಿದ್ಧವಾಯಿತು. ಕೇರಳ, ಗೋವೆಗಳು 1980ರಲ್ಲಿ ಕಾನೂನು ಮಾಡಿದವು. ಕರ್ನಾಟಕ ಸಾಗರ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ ಬಂದುದು 1986ರಲ್ಲಿ.

ಈ ಕಾನೂನುಗಳ ಒಂದು ವಿಶೇಷವನ್ನು ಗಮನಿಸಬೇಕು. ಮೀನುಗಾರಿಕೆಯನ್ನು ತಡೆಯುವಾಗ ಸರಕಾರ ಯಾವುದನ್ನು ಮನಸ್ಸಿನಲ್ಲಿಡಬೇಕೆಂದು ಮಾದರಿ ಮಸೂದೆಯೇ ಹೇಳಿತ್ತು: ಸಾಂಪ್ರದಾಯಿಕ ದೋಣಿಯವರ ಹಿತ, ಮೀನಿನ ಸಂರಕ್ಷಣೆ, ಕಡಲಿನಲ್ಲಿ ಶಾಂತಿಪಾಲನೆ. ಮೂರರಲ್ಲಿ ಎರಡು ಮನುಷ್ಯರ ವಿಷಯ, ಒಂದು ಮಾತ್ರ ಮೀನಿನದು! ಹುಟ್ಟಿನಿಂದಲೇ ಇದು ಜೀವಶಾಸ್ತ್ರದ ಕಾನೂನಾಗಿರುವಷ್ಟೇ ನ್ಯಾಯ ಹಂಚಿಕೆಯ ಕಾನೂನೂ ಹೌದು. ದಡದ ಸಮೀಪದ ನೀರನ್ನು ಸಣ್ಣ ದೋಣಿಗಳಿಗೆ ಮೀಸಲಿಡುವುದೂ, ಮಳೆಗಾಲದ ರಜೆಯಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ನಾಡದೋಣಿಗಳನ್ನು ಬಿಟ್ಟುಕೊಡುವುದೂ ಇದರಿಂದಲೇ.

ಇನ್ನು ತೀರ್ಮಾನ ಹೇಗಾಗುತ್ತದೆಂಬುದನ್ನು ನೋಡೋಣ. ದಡದಿಂದ 12 ಕಡಲಮೈಲಿಗಳವರೆಗೆ, ಎಂದರೆ ಸುಮಾರು 22 ಕಿಲೋಮೀಟರಿನವರೆಗೆ, ರಾಜ್ಯದ ಅಧಿಕಾರ. ಅದರಾಚೆ 200 ಕಡಲಮೈಲಿಗಳವರೆಗೆ ಕೇಂದ್ರದ್ದು. ಮೀನಿಗೆ ಈ ಗೆರೆ ಕಾಣುವುದಿಲ್ಲ. ಕಾರವಾರದವರಿಗಂತೂ ಉತ್ತರದಲ್ಲಿ ಗೋವೆಯ ಗಡಿಯೂ ಕೈಗೆಟುಕುವ ದೂರದಲ್ಲಿದೆ. ಒಂದು ರಾಜ್ಯ ಬಾಗಿಲು ಹಾಕಿದಾಗ ಪಕ್ಕದ ರಾಜ್ಯ ತೆರೆದಿಟ್ಟರೆ, ಕಾದವನು ಮೂರ್ಖ, ಹಿಡಿದವನು ಜಾಣ ಎಂದಾಗುತ್ತದೆ. ಹಿಂದೆ ರಾಜ್ಯಗಳ ದಿನಾಂಕಗಳು ಬೇರೆ ಬೇರೆಯಾಗಿದ್ದಾಗ ಈ ದೂರು ನಿತ್ಯದ್ದಾಗಿತ್ತು. ತಾಂತ್ರಿಕ ಸಮಿತಿಯೊಂದು ಪರಿಶೀಲಿಸಿದ ಮೇಲೆ 2015ರಲ್ಲಿ ಕೇಂದ್ರವು ತನ್ನ ನೀರಿನಲ್ಲಿ ಪಶ್ಚಿಮ ಕರಾವಳಿಗೆ ಜೂನ್, ಜುಲೈಗಳನ್ನೂ, ಪೂರ್ವ ಕರಾವಳಿಗೆ ಏಪ್ರಿಲ್ 15ರಿಂದ ಜೂನ್ 14ರವರೆಗಿನ ಕಾಲವನ್ನೂ ಗೊತ್ತುಪಡಿಸಿತು. ಎರಡೂ ಕಡೆ 61 ದಿನ. ಕರ್ನಾಟಕವು ತನ್ನ ನೀರಿಗೂ ಅದನ್ನೇ ಒಪ್ಪಿಕೊಂಡಿತು. ಕೇರಳ ಮಾತ್ರ ತನ್ನ ನೀರಿನಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನಗಳ ರಜೆಯನ್ನಿಟ್ಟುಕೊಂಡಿದೆ.

61 ಎಂಬುದು ನಿಸರ್ಗ ಬರೆದುಕೊಟ್ಟ ಸಂಖ್ಯೆಯಲ್ಲ. ಮೀನುಗಳು ಪಂಚಾಂಗ ನೋಡಿ ಮೊಟ್ಟೆಯಿಡುವುದಿಲ್ಲ. ಸೀಗಡಿಯ ಹಲವು ಜಾತಿಗಳು ವರ್ಷದ ಬಹುಭಾಗ ಮೊಟ್ಟೆಯಿಡುತ್ತವೆ, ಬಂಗಡೆಯ ಕಾಲ ಮಳೆಗಾಲದ ಹಿಂದುಮುಂದಕ್ಕೂ ಹರಡಿದೆ. 2020ರಲ್ಲಿ ಕೊರೋನಾದ ದಿಗ್ಬಂಧನದಿಂದ ಮೀನುಗಾರರು ವಾರಗಟ್ಟಲೆ ದುಡಿಮೆ ಕಳೆದುಕೊಂಡಾಗ, ಕೇಂದ್ರ ಸರಕಾರ ಪಶ್ಚಿಮ ಕರಾವಳಿಯ ರಜೆಯನ್ನು ಜೂನ್ 15ರಿಂದ ಆರಂಭಿಸಿ 47 ದಿನಗಳಿಗೆ ಇಳಿಸಿತು. ಮೀನಿನ ಬಸಿರು ಆ ವರ್ಷವೇನೂ ಹದಿನಾಲ್ಕು ದಿನ ತಡವಾಗಿರಲಿಲ್ಲ. ಮನುಷ್ಯನ ಹಸಿವನ್ನೂ ಲೆಕ್ಕಕ್ಕೆ ಹಿಡಿದರು, ಅಷ್ಟೆ. ಅದು ತಪ್ಪೆಂದು ನಾವು ಹೇಳುತ್ತಿಲ್ಲ; ಸಂಖ್ಯೆಯ ಹಿಂದೆ ಸಂಧಾನವಿದೆಯೆಂದು ತೋರಿಸುತ್ತಿದ್ದೇವೆ.

ಇಂಥ ಸಂಧಾನವನ್ನು ಬಹಿರಂಗವಾಗಿ ನಡೆಸುವ ಒಂದು ಪದ್ಧತಿ ಅಮೆರಿಕದಲ್ಲಿದೆ. ಅಲ್ಲಿ ಕಾಡುಬಾತುಗಳ ಬೇಟೆ ದೊಡ್ಡ ಹವ್ಯಾಸ. ಬಾತುಗಳು ಕೆನಡಾದಿಂದ ತೆಂಕಣಕ್ಕೆ ಹಲವು ರಾಜ್ಯಗಳನ್ನು ದಾಟಿ ಹೋಗುವುದರಿಂದ ಒಂದೇ ರಾಜ್ಯದ ಕಟ್ಟಳೆ ಸಾಲದು. ಅದಕ್ಕಾಗಿ ಕೇಂದ್ರದ ವನ್ಯಜೀವಿ ಇಲಾಖೆ 1955ರಿಂದ ಪ್ರತಿ ವಸಂತದಲ್ಲಿ ವಿಮಾನದಿಂದ ಬಾತುಗಳನ್ನು ಎಣಿಸುತ್ತದೆ. ಆ ಎಣಿಕೆಗೆ ತಕ್ಕಂತೆ ಬೇಟೆಯ ದಿನಗಳಿಗೂ ಹಕ್ಕಿಗಳ ಸಂಖ್ಯೆಗೂ ಹೊರಮಿತಿಯನ್ನು ಸೂಚಿಸಿ ಪ್ರಕಟಿಸುತ್ತದೆ. ಯಾರು ಬೇಕಾದರೂ ತಕರಾರು ಬರೆದು ಕಳುಹಿಸಬಹುದು. ಆ ಮಿತಿಯೊಳಗೆ ಪ್ರತಿ ರಾಜ್ಯದ ಇಲಾಖೆಯೂ ತನ್ನ ಜನರನ್ನು ಸಭೆಗೆ ಕರೆದು, ಯಾವ ದಿನ ಆರಂಭಿಸೋಣವೆಂದು ಕೇಳಿ ತನ್ನ ದಿನಗಳನ್ನು ಆರಿಸಿಕೊಳ್ಳುತ್ತದೆ. ಕರಡು ಮೊದಲು, ಆಕ್ಷೇಪ ಆಮೇಲೆ, ಆಜ್ಞೆ ಕೊನೆಗೆ.

ನಮ್ಮಲ್ಲಿ ಎಣಿಕೆ ಇದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೊಂದು ಕಾರವಾರದಲ್ಲಿಯೇ ಇದ್ದು, ಬಂಗಡೆಯ ಬಗೆಗೆ ಹಳೆಯ ಅಧ್ಯಯನಗಳು ಅಲ್ಲಿ ನಡೆದಿವೆ. ನೀರಿನೊಳಗಿನ ಮೀನನ್ನು ವಿಮಾನದಿಂದ ಎಣಿಸಲಾಗದು. ಆದುದರಿಂದ ಸಂಸ್ಥೆಯವರು ಮೀನು ಇಳಿಯುವ ಬಂದರುಗಳಲ್ಲಿ ಕೆಲವನ್ನೂ, ತಿಂಗಳಿನಲ್ಲಿ ಕೆಲವು ದಿನಗಳನ್ನೂ, ಆ ದಿನ ಬಂದ ದೋಣಿಗಳಲ್ಲಿ ಕೆಲವನ್ನೂ ಆರಿಸಿಕೊಂಡು, ಅವುಗಳ ಬುಟ್ಟಿಗಳನ್ನೆಣಿಸಿ ಇಡೀ ಕರಾವಳಿಯ ಲೆಕ್ಕ ಕಟ್ಟುತ್ತಾರೆ. ಅನ್ನದ ಅಗುಳನ್ನು ಹಿಚುಕಿ ಪಾತ್ರೆಯ ಅನ್ನ ಬೆಂದಿದೆಯೆ ಎಂದು ತಿಳಿಯುವ ಜಾಣ್ಮೆಯೇ ಇದು.

ಎಣಿಕೆಯಿದ್ದರೂ ಕರಡನ್ನು ಜನರ ಮುಂದಿಟ್ಟು ಕೇಳುವ ಪದ್ಧತಿ ನಮ್ಮಲ್ಲಿ ಅಷ್ಟಾಗಿ ಬೆಳೆದಿಲ್ಲ. ಜನರ ಮಾತು ಇಲ್ಲಿ ಬೇರೆ ದಾರಿಗಳಿಂದ ಸಾಗುತ್ತದೆ: ಸಹಕಾರ ಸಂಘಗಳ ಮನವಿ, ಮುಖಂಡರ ನಿಯೋಗ, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಸಭೆ, ಯಾವುದೂ ಫಲಿಸದಿದ್ದರೆ ಬಂದರಿನಲ್ಲಿ ಧರಣಿ. ಕೇರಳವು ಇತ್ತೀಚಿನ ತಿದ್ದುಪಡಿಯಿಂದ ಊರು, ಜಿಲ್ಲೆ, ರಾಜ್ಯ ಎಂಬ ಮೂರು ಮಟ್ಟಗಳಲ್ಲಿ ಮೀನುಗಾರಿಕಾ ಮಂಡಳಿಗಳಿಗೆ ಅವಕಾಶ ಮಾಡಿದೆ. ನಮಗೂ ಅಂಥದೊಂದು ಬೇಕೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಈ ವಿಷಯದಲ್ಲಿ ಮಾತಾಡಬೇಕಾದವರು ಹಲವರಿದ್ದಾರೆ, ಅವರೆಲ್ಲರ ಕೊರಳೂ ಒಂದೇ ಎತ್ತರದಲ್ಲಿಲ್ಲ.

ಬೈತಖೋಲ ಬಂದರಿನ ಯಂತ್ರದೋಣಿಯ ಒಡೆಯನಿಗೆ ಸಾಲದ ಕಂತಿಗೆ ರಜೆಯಿಲ್ಲ. ದೋಣಿಯಲ್ಲಿ ದುಡಿಯುವ ದೂರದ ರಾಜ್ಯಗಳ ಕೂಲಿಗಳು ಜೂನಿನಲ್ಲಿ ಊರಿಗೆ ಹೋಗಿಬಿಡುತ್ತಾರೆ. ಸಭೆಗಳಲ್ಲಿ ಅವರ ಸುದ್ದಿಯೇ ಇಲ್ಲ. ಹಾರವಾಡ, ಬೇಲೆಕೇರಿ, ಕೇಣಿ, ಬೆಳಂಬಾರಗಳ ನಾಡದೋಣಿಯವನಿಗೆ ಮಳೆಗಾಲದ ದಡದ ಮೀನೇ ವರ್ಷದ ಗಂಜಿ. ಆದರೆ ತೆರೆಯ ಅಬ್ಬರದಲ್ಲಿ ಅವನು ಇಳಿಯಬಹುದಾದ ದಿನಗಳು ಕೆಲವೇ. ಕಾರವಾರದ ದಕ್ಷಿಣಕ್ಕೆ 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ ಮೇಲೆ ಆ ಸುತ್ತಣ ನೀರೂ ಮೀನುಗಾರರಿಗೆ ಮುಚ್ಚಿತು. ಅದು ಮೀನಿಗಾಗಿ ಹಾಕಿದ ಬಾಗಿಲಲ್ಲವಾದರೂ ಸಣ್ಣ ದೋಣಿಯವನ ಪಾಲಿಗೆ ಬಾಗಿಲೇ. ರಜೆಯ ಕಾಲಕ್ಕೆಂದು ಬಡ ಮೀನುಗಾರರಿಗಾಗಿ ಉಳಿತಾಯ ಮತ್ತು ಪರಿಹಾರ ಯೋಜನೆಯೊಂದಿದೆ: ಅವನು ಕೂಡಿಟ್ಟ 1,500 ರೂಪಾಯಿಗೆ ಸರಕಾರಗಳು 3,000 ಸೇರಿಸಿ, ಮೂರು ತಿಂಗಳಲ್ಲಿ 4,500 ರೂಪಾಯಿ ಕೊಡುತ್ತವೆ. ತಿಂಗಳಿಗೆ 1,500ರಲ್ಲಿ ಒಂದು ಸಂಸಾರ ಹೇಗೆ ಸಾಗೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಮೀನು ಮಾರುವ ಹೆಂಗಸರನ್ನು ಮರೆಯುವುದು ಎಲ್ಲರಿಗೂ ಅಭ್ಯಾಸವಾಗಿದೆ. ಕಾರವಾರ, ಅಂಕೋಲೆಗಳ ಪೇಟೆಯಲ್ಲಿ ಬುಟ್ಟಿಯ ಮುಂದೆ ಕುಳಿತಿರುವವರು ಅವರೇ. ರಜೆಯಲ್ಲಿ ಅವರು ಒಣಮೀನಿಗೋ, ಕಾಳಿ ಗಂಗಾವಳಿಗಳ ಅಳಿವೆಯ ಬಳಚು ಏಡಿಗಳಿಗೋ ಮೊರೆಹೋಗುತ್ತಾರೆ. ಯಾವ ತಿಂಗಳು ಯಾವ ಮೀನು ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಂಡು ಬರುತ್ತದೆಂಬುದು ದಿನವೂ ಮೀನು ಕೊಯ್ಯುವ ಆ ಕೈಗಳಿಗೆ ಗೊತ್ತು. ಆ ಅರಿವನ್ನು ಕೇಳಿ ಬರೆದಿಟ್ಟುಕೊಂಡರೆ ವಿಜ್ಞಾನಕ್ಕೆ ನಷ್ಟವೇನೂ ಆಗದು.

ಹಾಗಾದರೆ ರಜೆಯಿಂದ ಮೀನು ಹೆಚ್ಚಿತೆ? ಆಗಸ್ಟಿನಲ್ಲಿ ಮೊದಲ ಬಲೆಗಳು ಭಾರವಾಗಿ ಬರುವುದೇನೋ ನಿಜ. ಎರಡು ತಿಂಗಳು ಯಾರೂ ಮುಟ್ಟದ ಕಡಲು ಹಾಗಿರುವುದು ಸಹಜ. ಅದರಿಂದಲೇ ಸಂತತಿ ಬೆಳೆಯಿತೆಂದು ಹೇಳಲಾಗದು. ಕೇರಳದಲ್ಲಿ 1988ರಿಂದಲೂ ಮಳೆಗಾಲದ ಟ್ರಾಲ್ ನಿಷೇಧವಿದೆ. ಆದರೂ ಅಲ್ಲಿ 2012ರಲ್ಲಿ ಹತ್ತಿರ ಹತ್ತಿರ ನಾಲ್ಕು ಲಕ್ಷ ಟನ್ ಸಿಕ್ಕಿದ ತಾರ್ಲೆ 2021ರಲ್ಲಿ ಸುಮಾರು 3,300 ಟನ್ನಿಗೆ ಕುಸಿಯಿತು. ಕಡಲಿನ ಶಾಖ, ಮಾರುತದ ಬಲ, ತೇಲುಸಸ್ಯಗಳ ಸಮೃದ್ಧಿ ಇವೆಲ್ಲ ತಾರ್ಲೆಯ ಹಣೆಬರಹವನ್ನು ಬದಲಾಯಿಸುತ್ತವೆ. ಅಲ್ಲದೆ, ಹತ್ತು ತಿಂಗಳಲ್ಲಿ ದೋಣಿಯ ಶಕ್ತಿ ಇಮ್ಮಡಿಸಿದರೆ ಎರಡು ತಿಂಗಳ ರಜೆ ಏನು ಮಾಡೀತು? ಆದುದರಿಂದಲೇ ಗಡುವಿನ ಜೊತೆಗೆ ಬಲೆಯ ಕಣ್ಣಿನ ಅಳತೆಯೂ ಬೇಕು, ಮೀನಿನ ಕನಿಷ್ಠ ಉದ್ದವೂ ಬೇಕು. ಟ್ರಾಲ್ ಬಲೆಯ ತುದಿಚೀಲದ ಕಣ್ಣು 35 ಮಿಲಿಮೀಟರಿಗಿಂತ ಕಿರಿದಾಗಿರಬಾರದೆಂಬ ಕಟ್ಟಳೆ ಇದರಿಂದ ಹುಟ್ಟಿದ್ದು. ಕೇರಳ 2015ರಲ್ಲಿ ತಾರ್ಲೆಗೆ 10, ಬಂಗಡೆಗೆ 14 ಸೆಂಟಿಮೀಟರ್ ಎಂದು ಕನಿಷ್ಠ ಉದ್ದ ಗೊತ್ತುಮಾಡಿತು.

ಇವೆಲ್ಲಕ್ಕಿಂತ ಕಾವು ಏರಿರುವುದು ಬೆಳಕಿನ ಬೇಟೆಯ ವಿಷಯದಲ್ಲಿ. ರಾತ್ರಿ ದೋಣಿಯಲ್ಲಿ ಜನರೇಟರ್ ಇಟ್ಟು, ಪ್ರಖರವಾದ ಎಲ್‌ಇಡಿ ದೀಪಗಳನ್ನು ಬೆಳಗಿಸಿದರೆ ಮೀನು, ಮರಿಮೀನು ಎಲ್ಲವೂ ಒಂದೆಡೆ ಮುತ್ತಿಕೊಳ್ಳುತ್ತವೆ. ಆಮೇಲೆ ಸುತ್ತುವರಿಯುವುದೊಂದೇ ಕೆಲಸ. ಕಾಡಿನಲ್ಲಿ ಬೇಟೆ ನಡೆಯುತ್ತಿದ್ದ ಕಾಲದಲ್ಲಿಯೂ ದೀಪ ತೋರಿಸಿ ಮಿಗವನ್ನು ಹೊಡೆಯುವುದನ್ನು 1972ರ ಕಾನೂನು ನಿಷೇಧಿಸಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ತನ್ನ ನೀರಿನಲ್ಲಿ ಇದನ್ನು ನಿಷೇಧಿಸಿತು, ರಾಜ್ಯವೂ ನಿಷೇಧಿಸಿದೆ. ಆದರೂ ನಾಡದೋಣಿಯವರು ಹೊರಗಡಲಿನಲ್ಲಿ ರಾತ್ರಿಯ ಬೆಳಕನ್ನು ಕಂಡು ದೂರುತ್ತಲೇ ಇದ್ದಾರೆ. ದೀಪಕ್ಕೆ ಸಾಲಮಾಡಿ ಬಂಡವಾಳ ಹಾಕಿದವರು ನಿಷೇಧ ತೆಗೆಯಿರೆಂದು ಮನವಿ ಕೊಡುತ್ತಲೇ ಇದ್ದಾರೆ. ಕಾವಲುದೋಣಿಗಳು ಕೆಲವು, ಕಡಲು ಅಪಾರ. ದಡದಲ್ಲಿ ಎಲ್ಲರೂ ಒಪ್ಪದ ಕಟ್ಟಳೆಯನ್ನು ಕತ್ತಲೆಯ ಕಡಲಿನಲ್ಲಿ ನಡೆಸುವುದು ಯಾವ ಇಲಾಖೆಗೂ ಸುಲಭವಲ್ಲ.

ಆಗಸ್ಟ್ 1ರಂದು ಕಾನೂನಿನ ರಜೆ ಮುಗಿಯುತ್ತದೆ. ನೂಲ ಹುಣ್ಣಿಮೆ ಚಂದ್ರನ ಲೆಕ್ಕದ್ದು. 2020ರಲ್ಲಿ ಅದು ಆಗಸ್ಟ್ 3ಕ್ಕೆ ಬಂದಿತ್ತು, 2023ರಲ್ಲಿ 30ಕ್ಕೆ. ಅಂಥ ತಡವಾದ ವರ್ಷಗಳಲ್ಲಿ, ಕಡಲಿಗೆ ತೆಂಗಿನಕಾಯಿ ಬೀಳುವ ಹೊತ್ತಿಗೆ ದೊಡ್ಡ ದೋಣಿಗಳು ಹಲವು ಸಲ ಹೋಗಿ ಬಂದಿರುತ್ತವೆ. ಬೈತಖೋಲದ ಕಟ್ಟೆಯ ಮೇಲೆ ಬುಟ್ಟಿಗಳು ಇಳಿಯುವಾಗ ಅಳತೆಪಟ್ಟಿಯ ಮೇಲೆ ಬಂಗಡೆಯನ್ನು ಒಂದೊಂದಾಗಿ ಮಲಗಿಸಿ, ಮೂತಿಯಿಂದ ಬಾಲದವರೆಗೆ ಅಳೆದು, ಹೊಟ್ಟೆ ಸೀಳಿ ಮೊಟ್ಟೆಯಿದೆಯೆ ಎಂದು ನೋಡಿ ಬರೆದುಕೊಳ್ಳುವವರನ್ನು ಕಾಣಬಹುದು. ಬೆಲೆ ಕೂಗುವವರ ಗದ್ದಲದಲ್ಲಿ ಅವರತ್ತ ಯಾರ ಗಮನವೂ ಇರುವುದಿಲ್ಲ. ಮುಂದೊಮ್ಮೆ ರಜೆಯ ದಿನಾಂಕವನ್ನು ಹಿಂದುಮುಂದು ಮಾಡಬೇಕೆಂಬ ಸಭೆ ಕೂಡಿದಾಗ ಮೇಜಿನ ಮೇಲೆ ಬರತಕ್ಕದ್ದು ಆ ಪುಸ್ತಕದ ಅಂಕಿಗಳೇ.